ಕಿತ್ತಳೆ ತೋಟದಲ್ಲಿ ಗ್ರೀನಿಂಗ್ ರೋಗ: ಬೇಗ ಗುರುತಿಸುವ ಕ್ರಮ, ಹಂತ ಹಂತವಾಗಿ

ಕೊಡಗಿನ ಕಾಫಿ ತೋಟದ ನಡುವೆ ನಿಂತ ಕಿತ್ತಳೆ ಮರದ ಒಂದು ಕೊಂಬೆ ಹಳದಿಗೆ ತಿರುಗಿದರೆ ಸಲಹೆಗಳಿಗೆ ಬರವಿಲ್ಲ. ಸತು ಕಡಿಮೆಯಾಗಿದೆ ಎನ್ನುವವರು ಒಬ್ಬರು, ಬುಡದಲ್ಲಿ ನೀರು ನಿಂತಿದೆ ಎನ್ನುವವರು ಇನ್ನೊಬ್ಬರು, ಮರಕ್ಕೆ ವಯಸ್ಸಾಯಿತು ಬಿಡಿ ಎನ್ನುವವರು ಮತ್ತೊಬ್ಬರು. ಕೆಲವು ಮರಗಳ ಮಟ್ಟಿಗೆ ಎಲ್ಲರ ಮಾತೂ ನಿಜವೇ. ಆದರೆ ಹಳದಿಯ ಹಿಂದೆ ಗ್ರೀನಿಂಗ್ ರೋಗ ಇದ್ದರೆ ಸತು ಸಿಂಪಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಎಲೆ ತುಸು ಹಸಿರಾಗುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ, ಅಷ್ಟರಲ್ಲಿ ರೋಗ ಪಕ್ಕದ ಮರಗಳಿಗೆ ದಾಟಿರುತ್ತದೆ.

ಈ ರೋಗಕ್ಕೆ ಇಂದಿಗೂ ಗುಣಪಡಿಸುವ ಔಷಧಿ ಇಲ್ಲ. ಆದ್ದರಿಂದ ಬೆಳೆಗಾರನ ಕೈಯಲ್ಲಿ ಉಳಿದಿರುವುದು ಬೇಗ ಹಿಡಿಯುವ ಕೆಲಸವೊಂದೇ. ಅದಕ್ಕೆ ದುಬಾರಿ ಸಲಕರಣೆಯೇನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ, ಒಂದು ಬಾಲ್‌ಪೆನ್, ಬಿಳಿ ಹಲಗೆ, ಮೋಟು ಪೈಪು, ಬಣ್ಣದ ಟೇಪು, ನೋಟ್‌ಬುಕ್ ಇದ್ದರೆ ಸಾಕು. ಇಲ್ಲಿ ಉದಾಹರಣೆಗಳು ಹೆಚ್ಚಾಗಿ ಕೊಡಗಿನ ಕಿತ್ತಳೆಯವು. ಮೋಸಂಬಿಗೂ ಇದೇ ಕ್ರಮ ಅನ್ವಯಿಸುತ್ತದೆ. ವಿಜಯಪುರದ ಇಂಡಿ ಕಡೆಯ ನಿಂಬೆ ಈ ರೋಗವನ್ನು ಕಿತ್ತಳೆಗಿಂತ ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ, ಆದರೆ ತಾಳಿಕೊಳ್ಳುವ ಗಿಡವೂ ರೋಗಾಣುವಿಗೆ ಮನೆಯಾಗಬಲ್ಲದು.

ರೋಗದ ನಡೆ

ರೋಗಾಣುವಿನ ಹೆಸರು ಕ್ಯಾಂಡಿಡೇಟಸ್ ಲಿಬೆರಿಬ್ಯಾಕ್ಟರ್ ಏಷ್ಯಾಟಿಕಸ್. ಇದು ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಒಯ್ಯುವ ನಾಳಗಳೊಳಗೆ ಮಾತ್ರ ಬದುಕುವ ಬ್ಯಾಕ್ಟೀರಿಯಾ. ನಾಳ ಕಟ್ಟಿಕೊಂಡಾಗ ಆಹಾರ ಎಲೆಯಲ್ಲೇ ಪಿಷ್ಟವಾಗಿ ಉಳಿಯುತ್ತದೆ, ಬೇರು ಉಪವಾಸ ಬೀಳುತ್ತದೆ. ಎಲೆಯಲ್ಲಿ ಚಿಹ್ನೆ ಕಾಣುವ ಹೊತ್ತಿಗೆ ಎಳೆ ಬೇರುಗಳು ಸಾಯಲು ಶುರುವಾಗಿರುತ್ತವೆ. ಸೋಂಕು ತಗಲಿದ ದಿನದಿಂದ ಚಿಹ್ನೆ ಕಾಣುವವರೆಗೆ ಕೆಲವು ತಿಂಗಳಿಂದ ಎರಡು ವರ್ಷದವರೆಗೂ ಹಿಡಿಯಬಹುದು. ಈ ನಡುವಿನ ಕಾಲದಲ್ಲಿ ಮರ ನೋಡಲು ಆರೋಗ್ಯವಾಗಿಯೇ ಇರುತ್ತದೆ, ಆದರೂ ರೋಗ ಹರಡುವ ಕೀಟಕ್ಕೆ ರೋಗಾಣುವನ್ನು ಹಂಚುತ್ತಿರುತ್ತದೆ.

ರೋಗವನ್ನು ಮರದಿಂದ ಮರಕ್ಕೆ ಒಯ್ಯುವುದು ಸಿಟ್ರಸ್ ಸಿಲ್ಲಾ ಎಂಬ ಸಣ್ಣ ರಸ ಹೀರುವ ಕೀಟ. ಭಾರತದಲ್ಲಿ ಗ್ರೀನಿಂಗ್ ಇದೆ ಎಂಬುದು 1966ರಲ್ಲಿ ಖಚಿತವಾಯಿತು. ಅದನ್ನು ಹರಡುವುದು ಈ ಕೀಟವೇ ಎಂದು ಮರುವರ್ಷ ಪುಣೆಯ ವಿಜ್ಞಾನಿಗಳು ತೋರಿಸಿದರು. ಫ್ಲಾರಿಡಾದಲ್ಲಿ ಕೀಟ 1998ರಲ್ಲೂ ರೋಗ 2005ರಲ್ಲೂ ಪತ್ತೆಯಾದವು. 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ಆ ರಾಜ್ಯ 2022-23ರಲ್ಲಿ 2 ಕೋಟಿಯನ್ನೂ ಮುಟ್ಟಲಿಲ್ಲ. ಇದರಲ್ಲಿ ಚಂಡಮಾರುತಗಳ ಪಾಲೂ ಇದೆ, ಆದರೆ ಮರಗಳ ಕಸುವು ಇಳಿಸಿದ್ದು ಈ ರೋಗವೇ. ಅಲ್ಲಿ ಕೀಟ ಕಂಡು ಏಳು ವರ್ಷಕ್ಕೆ ರೋಗ ಕಂಡಿತು ಎಂಬುದನ್ನು ಗಮನಿಸಿ. ನಮ್ಮಲ್ಲಿ ಕೀಟವೂ ಇದೆ, ರೋಗವೂ ಇದೆ. ಕಾಯುವುದಕ್ಕೆ ಅಂತಹ ಅವಧಿಯೂ ಇಲ್ಲ.

ಹಂತ 1: ಮರಗಳಿಗೆ ಸಂಖ್ಯೆ ಕೊಡಿ

ಸಾಲಾಗಿ ನೆಟ್ಟ ಬರೀ ಕಿತ್ತಳೆಯ ತೋಟದಲ್ಲಿ ಇದು ಸುಲಭ. ಕಾಫಿಯ ನಡುವೆ ಅಲ್ಲೊಂದು ಇಲ್ಲೊಂದು ಕಿತ್ತಳೆ ಇರುವ ಕೊಡಗಿನ ತೋಟದಲ್ಲಿ ಮಾತ್ರ ಇದೇ ದೊಡ್ಡ ಕೆಲಸ. ಆದರೂ ಮಾಡಲೇಬೇಕು. ಕಾಂಡದ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆದು, ತೋಟದ ಕೈಬರಹದ ನಕ್ಷೆಯಲ್ಲಿ ಅದೇ ಸಂಖ್ಯೆ ಹಾಕಿ. ತಂತಿಯಲ್ಲಿ ಫಲಕ ಕಟ್ಟಬೇಡಿ. ಮರ ದಪ್ಪವಾದಂತೆ ತಂತಿ ತೊಗಟೆಯೊಳಗೆ ಇಳಿದು ಗ್ರೀನಿಂಗ್‌ನಂತೆಯೇ ಹಳದಿ ತರಿಸುತ್ತದೆ.

ನಕ್ಷೆಯಲ್ಲಿ ತೋಟದ ಅಂಚು, ರಸ್ತೆ ಬದಿ, ಮನೆಯ ಸುತ್ತ, ಖಾಲಿ ಜಾಗದ ಪಕ್ಕದ ಮರಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಹಾರಿ ಬರುವ ಸಿಲ್ಲಾ ಮೊದಲು ಇಳಿಯುವುದು ಅಂಚಿನ ಮರಗಳ ಮೇಲೆ. ಸಮಯ ಕಡಿಮೆ ಇದ್ದ ದಿನ ಒಳಗಿನ ಮರ ಬಿಟ್ಟರೂ ಅಂಚಿನವನ್ನು ಬಿಡಬೇಡಿ.

ಮನೆಯ ಕರಿಬೇವಿನ ಗಿಡವನ್ನೂ ನಕ್ಷೆಗೆ ಸೇರಿಸಿ. ಕರಿಬೇವಿನ ಚಿಗುರಿನಲ್ಲಿ ಸಿಲ್ಲಾ ಸಮೃದ್ಧವಾಗಿ ಮರಿ ಮಾಡುತ್ತದೆ. ನರ್ಸರಿಗಳಲ್ಲಿ ಕಾಮಿನಿ ಎಂದು ಮಾರುವ, ಬಿಳಿ ಹೂವಿನ ಬೇಲಿ ಗಿಡವೂ ಅದಕ್ಕೆ ಅಚ್ಚುಮೆಚ್ಚು. ಅಮೆರಿಕಕ್ಕೆ ಹೊರಟ ನೆಂಟರ ಸೂಟ್‌ಕೇಸಿನಲ್ಲಿ ಸಿಕ್ಕ ತಾಜಾ ಕರಿಬೇವನ್ನು ಅಲ್ಲಿನ ಅಧಿಕಾರಿಗಳು ಕಿತ್ತು ಎಸೆಯುವುದು ಇದೇ ಕೀಟದ ಭಯಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಈ ರೋಗ ಮೊದಲು ಕಂಡದ್ದು ದೊಡ್ಡ ತೋಟದಲ್ಲಲ್ಲ, 2012ರಲ್ಲಿ ಲಾಸ್ ಏಂಜಲೀಸ್ ಬಳಿಯ ಹಸಿಯೆಂಡಾ ಹೈಟ್ಸ್‌ನ ಒಂದು ಮನೆಯಂಗಳದ ಗಿಡದಲ್ಲಿ. ಹಿತ್ತಲನ್ನು ಹಗುರವಾಗಿ ಎಣಿಸಬೇಡಿ.

ಹಂತ 2: ಚಿಗುರಿನ ಕಾಲಕ್ಕೆ ಕಾದು ನೋಡಿ

ಹೆಣ್ಣು ಸಿಲ್ಲಾ ಮೊಟ್ಟೆ ಇಡುವುದು ಎಳೆ ಚಿಗುರಿನಲ್ಲಿ ಮಾತ್ರ. ಚಿಗುರಿಲ್ಲದಿದ್ದರೆ ಅದರ ಸಂತತಿ ಬೆಳೆಯುವುದಿಲ್ಲ. ಆದ್ದರಿಂದ ತಪಾಸಣೆಯ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತು ಮಾಡುವುದಕ್ಕಿಂತ ಚಿಗುರು ನೋಡಿ ಗೊತ್ತು ಮಾಡುವುದು ಮೇಲು. ಕೊಡಗಿನಲ್ಲಿ ಬೇಸಿಗೆಯ ಮೊದಲ ಮಳೆಗಳ ಹೊತ್ತಿನ ಚಿಗುರು, ಮುಂಗಾರಿನ ಆರಂಭದ ಚಿಗುರು, ಮಳೆ ಹಿಂದೆ ಸರಿದ ಮೇಲೆ ಬರುವ ಚಿಗುರು ಮುಖ್ಯವಾದವು. ಜುಲೈನ ಜಡಿಮಳೆ ಮೊಟ್ಟೆ, ಮರಿಗಳನ್ನು ತೊಳೆದುಹಾಕುತ್ತದೆ. ಆಗ ಕೀಟ ಕಾಣದಿದ್ದರೆ ಅದಕ್ಕೆ ಹೆಚ್ಚಿನ ಅರ್ಥವಿಲ್ಲ. ಚಿಗುರು ಇರುವಷ್ಟು ದಿನ ವಾರಕ್ಕೊಮ್ಮೆ, ಇಲ್ಲದಾಗ ತಿಂಗಳಿಗೊಮ್ಮೆ ಸುತ್ತು ಹಾಕಿದರೆ ಸಾಕು.

ಒಂದು ಚಿಗುರನ್ನು ಹೀಗೆ ನೋಡಿ. ಇನ್ನೂ ಬಿಚ್ಚದ, ಬೆರಳ ಉಗುರಿಗಿಂತ ಚಿಕ್ಕ ಎಲೆಗಳ ನಡುವೆ ಮಸೂರ ಹಿಡಿಯಿರಿ. ಬಾದಾಮಿ ಆಕಾರದ, ಅರ್ಧ ಮಿಲಿಮೀಟರೂ ಇಲ್ಲದ, ಹಳದಿಯಿಂದ ಕಿತ್ತಳೆ ಬಣ್ಣದ ಮೊಟ್ಟೆಗಳು ಎಲೆಯ ಮಡಿಕೆಯಲ್ಲಿ ನೆಟ್ಟಂತೆ ನಿಂತಿರುತ್ತವೆ. ಸ್ವಲ್ಪ ದೊಡ್ಡ ಚಿಗುರಿನ ತೊಟ್ಟಿನ ಸುತ್ತ ಚಪ್ಪಟೆಯಾದ ಹಳದಿ ಮರಿಗಳು ಗುಂಪುಗೂಡಿರುತ್ತವೆ. ಕಡ್ಡಿಯಿಂದ ಮುಟ್ಟಿದರೆ ನಿಧಾನವಾಗಿ ಸರಿಯುತ್ತವೆ. ಇವುಗಳ ಹಿಂಭಾಗದಿಂದ ಸುರುಳಿ ಸುತ್ತಿದ ಬಿಳಿ ಮೇಣದ ಎಳೆಗಳು ಹೊರಬರುತ್ತವೆ. ಚಿಗುರಿನಲ್ಲಿ ಬಿಳಿ ದಾರದ ಚೂರುಗಳಂತೆ ಏನಾದರೂ ಕಂಡರೆ ಹಿಟ್ಟು ತಿಗಣೆ ಎಂದು ತಳ್ಳಿಹಾಕದೆ ಬಗ್ಗಿ ನೋಡಿ. ಮರಿಗಳು ಸುರಿಸುವ ಅಂಟಿನ ಸಿಹಿಗೆ ಇರುವೆಗಳು ಸಾಲುಗಟ್ಟುತ್ತವೆ. ಎಷ್ಟೋ ಸಲ ಕೀಟಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಈ ಇರುವೆ ಸಾಲೇ.

ದೊಡ್ಡ ಕೀಟ 3ರಿಂದ 4 ಮಿಲಿಮೀಟರ್ ಉದ್ದ, ರೆಕ್ಕೆಯ ಮೇಲೆ ಕಂದು ಮಚ್ಚೆ. ಇದನ್ನು ಬೇರೆ ಎಲ್ಲದರಿಂದ ಬೇರ್ಪಡಿಸುವುದು ಅದು ಕೂರುವ ರೀತಿ: ತಲೆಯನ್ನು ಎಲೆಗೆ ಊರಿ, ಹಿಂಭಾಗವನ್ನು ಸುಮಾರು 45 ಡಿಗ್ರಿ ಮೇಲಕ್ಕೆತ್ತಿ ಕೂರುತ್ತದೆ. ಒಮ್ಮೆ ಕಂಡವರು ಮತ್ತೆ ಮರೆಯುವುದಿಲ್ಲ. ತಿರುಚಿದ ಎಳೆ ಎಲೆಗಳು ಕೂಡ ಸುಳಿವು. ಎಲೆಯ ಮೇಲೆ ಬೆಳ್ಳಿ ಗೆರೆಗಳ ಚಿತ್ತಾರ ಇದ್ದರೆ ಅದು ರಂಗೋಲಿ ಹುಳುವಿನ ಕೆಲಸ, ಸಿಲ್ಲಾದ್ದಲ್ಲ.

ಕಂದು ಬಣ್ಣಕ್ಕೆ ತಿರುಗಿ ಎಲೆಗೆ ಅಂಟಿಕೊಂಡ, ಮುಂಭಾಗದಲ್ಲಿ ದುಂಡನೆಯ ತೂತಿರುವ ಸತ್ತ ಮರಿಗಳು ಕಂಡರೆ ಸಂತೋಷಪಡಿ. ಅದು ಟಮರಿಕ್ಸಿಯಾ ಎಂಬ ಪುಟ್ಟ ಕಣಜದ ಕೆಲಸ. ಸಿಲ್ಲಾ ಮರಿಯ ದೇಹದಲ್ಲೇ ಬೆಳೆದು ಹೊರಬರುವ ಈ ಕಣಜ ನಮ್ಮದೇ ಉಪಖಂಡದ್ದು. 1922ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು ಅವಿಭಜಿತ ಪಂಜಾಬಿನಿಂದ. ಅಂತಹ ಮರಗಳಿಗೆ ವಿಷ ಹೊಡೆಯುವ ಮೊದಲು ಎರಡು ಸಲ ಯೋಚಿಸಿ.

ಹಂತ 3: ತಟ್ಟಿ ಎಣಿಸಿ

ಚಿಗುರಿಲ್ಲದ ಕಾಲದಲ್ಲಿ ದೊಡ್ಡ ಕೀಟಗಳನ್ನು ಪತ್ತೆ ಮಾಡಲು ತಟ್ಟುವ ಕ್ರಮ ಒಳ್ಳೆಯದು. ಸುಮಾರು ಎದೆಯೆತ್ತರದ ಕೊಂಬೆಯ ಕೆಳಗೆ ಒಂದು ಅಡಿ ತಗ್ಗಿನಲ್ಲಿ ಬಿಳಿ ಹಲಗೆ ಹಿಡಿದು, ಕೊಂಬೆಗೆ ಪೈಪಿನಿಂದ ಮೂರು ಸಲ ಜೋರಾಗಿ ತಟ್ಟಿ. ಬಿದ್ದ ಸಿಲ್ಲಾಗಳು ಕ್ಷಣದಲ್ಲಿ ನೆಗೆದು ಹಾರುತ್ತವೆ, ಆದ್ದರಿಂದ ಎಣಿಸುವ ಕಣ್ಣು ಹಲಗೆಯ ಮೇಲೇ ಇರಲಿ. ಮರವೊಂದಕ್ಕೆ ನಾಲ್ಕು ದಿಕ್ಕಿನಲ್ಲೂ ತಟ್ಟಿ, ಸಂಖ್ಯೆ ಬರೆದುಕೊಳ್ಳಿ. ಬೆಳಗಿನ ತಂಪಿನಲ್ಲಿ ಮಾಡಿದರೆ ಕೀಟಗಳು ಮಂದವಾಗಿರುತ್ತವೆ.

ಹಳದಿ ಅಂಟು ಹಾಳೆಗಳನ್ನೂ ತೂಗುಹಾಕಬಹುದು. ಅಂಚಿನ ಮರಗಳಲ್ಲಿ, ಬಿಸಿಲು ಬೀಳುವ ಕಡೆ. ಕಾಫಿಯ ದಟ್ಟ ನೆರಳಿನಲ್ಲಿ ಇವು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅದೂ ಅಲ್ಲದೆ ಇದ್ದಬದ್ದ ಹುಳುಗಳೆಲ್ಲ ಅಂಟಿಕೊಂಡು ಸಿಲ್ಲಾವನ್ನು ಹುಡುಕುವುದೇ ಕಷ್ಟ. ನನ್ನ ಆಯ್ಕೆ ತಟ್ಟುವ ಹಲಗೆಯೇ.

ಹಂತ 4: ಎಲೆಯನ್ನು ಅರ್ಧ ಮಾಡಿ ಓದಿ

ಗ್ರೀನಿಂಗ್ ಮೊದಲು ಸಾಮಾನ್ಯವಾಗಿ ಒಂದೇ ಕೊಂಬೆಯಲ್ಲಿ ಕಾಣುತ್ತದೆ. ಹಸಿರು ಮರದ ಒಂದು ಮೂಲೆ ಮಾತ್ರ ಹಳದಿ. ದೂರದಿಂದ ಆ ಕೊಂಬೆಯನ್ನು ಗುರುತಿಸಿ, ಹತ್ತಿರ ಹೋಗಿ ಬಲಿತ ಎಲೆಯೊಂದನ್ನು ಕಿತ್ತು ಬೆಳಕಿಗೆ ಹಿಡಿಯಿರಿ.

ಈಗ ಬಾಲ್‌ಪೆನ್ ತೆಗೆಯಿರಿ. ನಡುನರದ ಎಡಗಡೆ ಎಲ್ಲಿ ಹಳದಿ ಮಚ್ಚೆ ಇದೆಯೋ ಅಲ್ಲಿ ಒಂದು ಸಣ್ಣ ವೃತ್ತ ಬರೆಯಿರಿ. ನಡುನರದ ಬಲಗಡೆ, ಅಷ್ಟೇ ದೂರದಲ್ಲಿ, ಅಷ್ಟೇ ಎತ್ತರದಲ್ಲಿ ಇನ್ನೊಂದು ವೃತ್ತ. ಎರಡರೊಳಗಿನ ಬಣ್ಣ ಹೋಲಿಸಿ. ಪೋಷಕಾಂಶದ ಕೊರತೆಯಲ್ಲಿ ಎರಡೂ ಬದಿ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಗ್ರೀನಿಂಗ್‌ನಲ್ಲಿ ಒಂದು ಬದಿ ಹಳದಿ, ಇನ್ನೊಂದು ಬದಿ ಹಸಿರು. ಮಚ್ಚೆ ನರಗಳನ್ನು ಲೆಕ್ಕಿಸದೆ ಅಡ್ಡಾದಿಡ್ಡಿ ಹರಡಿರುತ್ತದೆ. ಇಂತಹ ಒಂದೇ ಎಲೆ ಸಿಕ್ಕರೆ ತೀರ್ಮಾನಕ್ಕೆ ಬರಬೇಡಿ. ಅದೇ ಕೊಂಬೆಯಲ್ಲಿ ಹಲವು ಎಲೆಗಳು ಹೀಗಿದ್ದರೆ ಅನುಮಾನ ಗಟ್ಟಿ.

ಕೊರತೆಗಳ ಗುರುತೂ ತಿಳಿದಿರಲಿ. ಸತು ಕಡಿಮೆಯಾದರೆ ಹೊಸ ಎಲೆಗಳು ಕಿರಿದಾಗಿ, ನರಗಳ ನಡುವೆ ಹಳದಿ, ನರದ ಗುಂಟ ಹಸಿರು. ಕಬ್ಬಿಣ ಕಡಿಮೆಯಾದರೆ ಎಳೆ ಎಲೆ ಪೂರ್ತಿ ಬಿಳಿಚಿ, ಸಣ್ಣ ನರಗಳು ಮಾತ್ರ ಹಸಿರು ಬಲೆಯಂತೆ ಉಳಿಯುತ್ತವೆ. ಮೆಗ್ನೀಸಿಯಂ ಕಡಿಮೆಯಾದರೆ ಹಳೆಯ ಎಲೆಯ ಬುಡದಲ್ಲಿ ತ್ರಿಕೋನಾಕಾರದ ಹಸಿರು ಉಳಿದು ಸುತ್ತ ಹಳದಿ. ಸಾರಜನಕದ ಕೊರತೆ ಎಂದರೆ ಇಡೀ ಎಲೆ ಒಂದೇ ಸಮ ಬಿಳಿಚಿಕೊಳ್ಳುವುದು.

ಬೇರು ಕೊಳೆತ, ಕಾಂಡ ಕೊರೆಯುವ ಹುಳು, ಮುರಿದ ಕೊಂಬೆ ಇವೂ ಎಲೆಯನ್ನು ಹಳದಿ ಮಾಡುತ್ತವೆ. ಆದ್ದರಿಂದ ಅನುಮಾನದ ಕೊಂಬೆಯ ಬುಡದವರೆಗೆ ಕಣ್ಣು ಹಾಯಿಸಿ. ತೂತು, ಹುಳುವಿನ ಹಿಕ್ಕೆ, ಅಂಟು ಸೋರಿಕೆ, ಸೀಳು ಇದೆಯೇ ನೋಡಿ. ಮಣ್ಣು ಸರಿಸಿ ಬೇರಿನ ತೊಗಟೆ ಕೊಳೆತಿದೆಯೇ ಪರೀಕ್ಷಿಸಿ.

ಇಲ್ಲಿ ಒಂದು ತೊಡಕು ಇದೆ. ಗ್ರೀನಿಂಗ್ ಬಂದ ಮರ ಕೆಲವು ಕಾಲದ ನಂತರ ನಿಜವಾಗಿಯೂ ಸತುವಿನ ಕೊರತೆ ತೋರಿಸುತ್ತದೆ. ಹೊಸ ಎಲೆಗಳು ಕಿರಿದಾಗಿ, ಮೊಲದ ಕಿವಿಯಂತೆ ನೆಟ್ಟಗೆ ನಿಲ್ಲುತ್ತವೆ, ನಡುನರ ದಪ್ಪವಾಗಿ ಬಿರುಕು ಬಿಡುತ್ತದೆ. ಹಾಗಾಗಿ ಸತುವಿನ ಚಿಹ್ನೆ ಕಂಡ ಮಾತ್ರಕ್ಕೆ ರೋಗವಿಲ್ಲ ಎನ್ನುವ ಹಾಗಿಲ್ಲ. ಲಘು ಪೋಷಕಾಂಶ ಸಿಂಪಡಿಸಿದ ನಂತರ ಬಂದ ಹೊಸ ಚಿಗುರು ಬಲಿತಾಗ ಮತ್ತೆ ಪೆನ್ನಿನ ಪರೀಕ್ಷೆ ಮಾಡಿ. ಇಡೀ ತೋಟ ಸುಧಾರಿಸಿ ಒಂದೆರಡು ಮರ ಮಾತ್ರ ಹಾಗೇ ಉಳಿದರೆ ಅವುಗಳಿಗೆ ಕೆಂಪು ಟೇಪು ಕಟ್ಟಿ.

ಹಂತ 5: ಕಾಯಿಯನ್ನು ಕೊಯ್ದು ನೋಡಿ

ಕೊಯ್ಲಿನ ಸಮಯದಲ್ಲಿ ಅನುಮಾನದ ಕೊಂಬೆಯ ಹಣ್ಣನ್ನು ಬೇರೆ ಇಡಿ. ಚಿಕ್ಕ ಗಾತ್ರ, ಒಂದು ಕಡೆ ಸೊಟ್ಟ, ತೊಟ್ಟಿನ ಭಾಗ ಬಣ್ಣ ಬಂದರೂ ಕೆಳಗಿನ ತುದಿ ಹಸಿರಾಗಿಯೇ ಉಳಿಯುವುದು ಇದರ ಗುರುತು. ರೋಗಕ್ಕೆ ಗ್ರೀನಿಂಗ್ ಎಂಬ ಹೆಸರು ಬಂದದ್ದು ಇದರಿಂದಲೇ. ತೊಟ್ಟಿನಿಂದ ತುದಿಯವರೆಗೆ ನೇರವಾಗಿ ಎರಡು ಹೋಳು ಮಾಡಿ. ನಡುವಿನ ಬಿಳಿ ದಿಂಡು ಬಾಗಿದ್ದರೆ, ಬೀಜಗಳು ಕಂದಾಗಿ ಸುರುಟಿದ್ದರೆ, ತೊಟ್ಟಿನ ಬಳಿಯ ನಾಳಗಳು ಕಿತ್ತಳೆಗಂದು ಬಣ್ಣಕ್ಕೆ ತಿರುಗಿದ್ದರೆ ಅನುಮಾನ ಬಲವಾಗುತ್ತದೆ. ರುಚಿ ನೋಡಿದರೆ ಕಹಿ, ಉಪ್ಪುಪ್ಪು. ಆದರೆ ಹಣ್ಣಿನಲ್ಲಿ ಇಷ್ಟೆಲ್ಲ ಕಂಡಿತೆಂದರೆ ಬೇಗ ಹಿಡಿಯುವ ಹೊತ್ತು ಮೀರಿದೆ.

ಹಂತ 6: ಅಯೋಡಿನ್ ಪರೀಕ್ಷೆ

ಎಲೆಯಲ್ಲಿ ಪಿಷ್ಟ ಕಟ್ಟಿಕೊಳ್ಳುವುದರಿಂದ ಮನೆಯಲ್ಲೇ ಒಂದು ಸೋಸು ಪರೀಕ್ಷೆ ಮಾಡಬಹುದು. ಅನುಮಾನದ ಕೊಂಬೆಯಿಂದ ಬಲಿತ ಎಲೆಗಳನ್ನು ಬೆಳಿಗ್ಗೆಯೇ ಕೀಳಿ. ಮಧ್ಯಾಹ್ನದ ನಂತರ ಆರೋಗ್ಯವಂತ ಎಲೆಯಲ್ಲೂ ಪಿಷ್ಟ ಏರಿರುತ್ತದೆ. ದೂರದ, ನಂಬಿಕೆಯ ಮರವೊಂದರಿಂದಲೂ ಅದೇ ವಯಸ್ಸಿನ ಎಲೆ ತನ್ನಿ. ಹೋಲಿಕೆಗೆ ಇದಿಲ್ಲದೆ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ.

ಎಲೆಯ ಮೇಲ್ಮೈಯನ್ನು ಸಣ್ಣ ಚೂರು ಉಜ್ಜು ಕಾಗದದಿಂದ ಇಪ್ಪತ್ತು ಸಲ ಉಜ್ಜಿ, ಹಸಿರು ರಸ ಹತ್ತಿದ ಕಾಗದವನ್ನು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಮಿಲಿಲೀಟರ್ ನೀರಿಗೆ ಹಾಕಿ ಅಲುಗಿಸಿ. ಔಷಧದಂಗಡಿಯ ಟಿಂಕ್ಚರ್ ಅಯೋಡಿನ್ ಅನ್ನು ನೀರು ಬೆರೆಸಿ ತಿಳಿ ಮಾಡಿಕೊಂಡು ಒಂದು ಹನಿ ಬಿಡಿ. ದ್ರವ ಹಳದಿಗಂದಾಗಿಯೇ ಉಳಿದರೆ ಪಿಷ್ಟ ಕಡಿಮೆ. ಕಪ್ಪುಗಂದಿಗೆ ತಿರುಗಿದರೆ ಪಿಷ್ಟ ಹೆಚ್ಚು. ಎರಡೂ ಮರಗಳ ಚೀಲವನ್ನು ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ.

ಕಪ್ಪಾದ ಕೂಡಲೇ ಕೊಡಲಿ ಎತ್ತಬೇಡಿ. ಮುರಿದ ಕೊಂಬೆಯೂ ಹುಳು ಕೊರೆದ ಕೊಂಬೆಯೂ ಇದೇ ಫಲಿತಾಂಶ ಕೊಡುತ್ತವೆ. ಚಿಹ್ನೆಯೇ ಬಾರದ ಹೊಸ ಸೋಂಕನ್ನು ಈ ಪರೀಕ್ಷೆ ಹಿಡಿಯುವುದೂ ಇಲ್ಲ. ಯಾವ ಮರದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು ಆರಿಸುವುದಷ್ಟೇ ಇದರ ಉಪಯೋಗ.

ಹಂತ 7: ಪ್ರಯೋಗಾಲಯಕ್ಕೆ ಮಾದರಿ

ಖಚಿತ ಉತ್ತರ ಬರುವುದು ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆಯಿಂದ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ನಾಗಪುರದ ಕೇಂದ್ರೀಯ ನಿಂಬೆ ವರ್ಗದ ಬೆಳೆಗಳ ಸಂಶೋಧನಾ ಸಂಸ್ಥೆ ಇವುಗಳಲ್ಲಿ ನಿಮಗೆ ಹತ್ತಿರವಾದದ್ದಕ್ಕೆ ಮೊದಲು ಕರೆ ಮಾಡಿ, ಮಾದರಿ ಯಾರು ತೆಗೆದುಕೊಳ್ಳುತ್ತಾರೆ, ಹೇಗೆ ಬೇಕು ಎಂದು ಕೇಳಿಕೊಳ್ಳಿ.

ರೋಗಾಣು ಮರದ ತುಂಬ ಸಮನಾಗಿ ಹರಡಿರುವುದಿಲ್ಲ. ಒಂದು ಕೊಂಬೆಯಲ್ಲಿ ತುಂಬಿದ್ದು ಪಕ್ಕದ ಕೊಂಬೆಯಲ್ಲಿ ಇಲ್ಲದಿರಬಹುದು. ಆದ್ದರಿಂದ ಚಿಹ್ನೆ ಇರುವ ಕೊಂಬೆಯಿಂದ ಹತ್ತು ಹನ್ನೆರಡು ಬಲಿತ ಎಲೆಗಳನ್ನು ತೊಟ್ಟಿನ ಸಮೇತ ತೆಗೆಯಿರಿ. ಪರೀಕ್ಷೆಗೆ ಬೇಕಾದದ್ದು ತೊಟ್ಟು ಮತ್ತು ನಡುನರವೇ. ಚಿಹ್ನೆ ಇಲ್ಲದ ಮರವಾದರೆ ನಾಲ್ಕೂ ದಿಕ್ಕಿನಿಂದ ಎಲೆ ಇರಲಿ. ಒಣ ಕಾಗದದಲ್ಲಿ ಸುತ್ತಿ, ಗಾಳಿಯಾಡದ ಚೀಲದಲ್ಲಿಟ್ಟು, ಮರದ ಸಂಖ್ಯೆ ಮತ್ತು ದಿನಾಂಕ ಬರೆಯಿರಿ. ಎಲೆಗೆ ಕೀಟ ಅಂಟಿಕೊಂಡು ಊರೂರು ಸುತ್ತಬಾರದು, ಹಾಗಾಗಿ ಚೀಲ ಬಿಗಿಯಾಗಿ ಮುಚ್ಚಿರಲಿ. ವಾರದ ಆರಂಭದಲ್ಲೇ ಕಳಿಸಿ. ಶನಿವಾರ ಕಳಿಸಿದ ಎಲೆ ಭಾನುವಾರ ಪೂರ್ತಿ ಎಲ್ಲೋ ಬೇಯುತ್ತ ಕೂರುತ್ತದೆ.

ಸಿಲ್ಲಾ ಸಿಕ್ಕಿದ್ದರೆ ಅವನ್ನೂ ಸ್ಪಿರಿಟ್ ತುಂಬಿದ ಪುಟ್ಟ ಸೀಸೆಯಲ್ಲಿ ಹಾಕಿ ಕಳಿಸಬಹುದೇ ಎಂದು ಕೇಳಿ. ಕೀಟವನ್ನೇ ಪರೀಕ್ಷಿಸಿದರೆ ಮರದಲ್ಲಿ ಏನೂ ಕಾಣುವ ಮೊದಲೇ ರೋಗಾಣು ತೋಟಕ್ಕೆ ಬಂದಿದೆಯೇ ಎಂಬುದು ತಿಳಿಯುತ್ತದೆ. ಫ್ಲಾರಿಡಾದಲ್ಲಿ ತರಬೇತಾದ ನಾಯಿಗಳು ಮೂಸಿಯೇ ಸೋಂಕಿತ ಮರವನ್ನು ಹೇಳಬಲ್ಲವು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ತೋಟದ ನಾಯಿಗಳಿಗೆ ಸದ್ಯಕ್ಕೆ ಕಾಡುಹಂದಿಯ ಕೆಲಸವೇ ಸಾಕಷ್ಟಿದೆ.

ಒಂದು ಸಲ ಇಲ್ಲ ಎಂದು ಬಂದರೆ ಅದು ಆ ದಿನದ ಆ ಎಲೆಗಳ ಉತ್ತರ ಮಾತ್ರ. ಕೆಂಪು ಟೇಪು ಬಿಚ್ಚಬೇಡಿ. ಕೆಲವು ತಿಂಗಳ ನಂತರ ಮತ್ತೆ ಕಳಿಸಿ.

ಹಂತ 8: ರೋಗ ಖಚಿತವಾದ ಮೇಲೆ

ಮರ ತೆಗೆಯಬೇಕು. ಹಣ್ಣು ತುಂಬಿದ ಮರವನ್ನು ಕಡಿಯುವುದು ಯಾರಿಗೂ ಇಷ್ಟವಿಲ್ಲ. ರೋಗದ ಕೊಂಬೆ ಮಾತ್ರ ಸವರಿದರೆ ಸಾಲದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಾಲದು. ರೋಗಾಣು ಅಷ್ಟರಲ್ಲಿ ಬೇರಿಗೂ ಇಳಿದಿರುತ್ತದೆ. ಅಷ್ಟೇ ಅಲ್ಲ, ಸವರಿದ ಮೇಲೆ ಒತ್ತಾಗಿ ಬರುವ ಚಿಗುರು ಸಿಲ್ಲಾವನ್ನು ಕೂಗಿ ಕರೆಯುತ್ತದೆ. ಫ್ಲಾರಿಡಾದಲ್ಲಿ 2022ರ ನಂತರ ಕಾಂಡಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಚುಚ್ಚುತ್ತಿದ್ದಾರೆ. ಅದು ಮರವನ್ನು ಇನ್ನಷ್ಟು ದಿನ ಎಳೆಯುವ ಉಪಾಯ, ಗುಣಪಡಿಸುವುದಲ್ಲ. ನಮ್ಮ ತೋಟಗಳಲ್ಲಿ ಪ್ರತಿಜೀವಕದ ಪ್ರಯೋಗಕ್ಕೆ ಇಳಿಯದಿರುವುದು ಒಳ್ಳೆಯದು.

ಕ್ರಮ ಮುಖ್ಯ. ಮೊದಲು ಆ ಮರಕ್ಕೂ ಸುತ್ತಲಿನ ಮರಗಳಿಗೂ ಸಿಲ್ಲಾ ನಾಶಕ ಸಿಂಪಡಿಸಿ, ನಂತರ ಕಡಿಯಿರಿ. ಸಿಂಪಡಿಸದೆ ಕೊಡಲಿ ಹಾಕಿದರೆ ರೋಗಾಣು ಹೊತ್ತ ಕೀಟಗಳೆಲ್ಲ ಎದ್ದು ಪಕ್ಕದ ಮರ ಸೇರುತ್ತವೆ. ಬೇರು ಸಮೇತ ಕಿತ್ತು ತೆಗೆಯಿರಿ. ರಂಗಪುರ ನಿಂಬೆಯ ಬೇರಿನ ಮೇಲೆ ಕಸಿ ಕಟ್ಟಿದ ಗಿಡವಾದರೆ ಬುಡದಿಂದ ಮತ್ತೆ ಚಿಗುರುವ ಸಾಧ್ಯತೆ ಹೆಚ್ಚು, ಆ ಚಿಗುರಿನಲ್ಲೂ ರೋಗ ಇರುತ್ತದೆ.

ಯಾವ ಔಷಧಿ, ಎಷ್ಟು ಎಂಬುದಕ್ಕೆ ಡಬ್ಬಿಯ ಮೇಲಿನ ಶಿಫಾರಸು ಮತ್ತು ತೋಟಗಾರಿಕಾ ಇಲಾಖೆಯವರ ಸಲಹೆಯನ್ನೇ ಅನುಸರಿಸಿ. ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಕೀಟ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹೂವಿನ ಕಾಲದಲ್ಲಿ ಇಮಿಡಾಕ್ಲೋಪ್ರಿಡ್‌ನಂತಹ, ಜೇನಿಗೆ ಮಾರಕವಾದ ಕೀಟನಾಶಕಗಳು ಬೇಡವೇ ಬೇಡ. ಕೊಡಗಿನಲ್ಲಿ ಇದರ ತೂಕ ಇನ್ನೂ ಹೆಚ್ಚು: ಕಿತ್ತಳೆ ಹೂವಾಡುವ ಹೊತ್ತಿಗೇ ಕಾಫಿಯೂ ಅರಳುತ್ತದೆ, ತೋಟದ ತುಂಬ ಜೇನು. ಅದಕ್ಕಿಂತ ಜನವರಿಯ ಒಣ ದಿನಗಳಲ್ಲಿ, ಚಿಗುರೊಡೆಯುವ ಮೊದಲು, ತಟ್ಟಿ ನೋಡಿ ದೊಡ್ಡ ಕೀಟ ಇದ್ದರೆ ಸಿಂಪಡಿಸುವುದು ಲಾಭ. ಆಗ ಮೊಟ್ಟೆ ಇಡಬೇಕಾದ ತಾಯಿ ಕೀಟಗಳೇ ಕಡಿಮೆಯಾಗುತ್ತವೆ.

ಇದನ್ನು ಒಬ್ಬರೇ ಮಾಡಿದರೆ ಅರ್ಧ ಶ್ರಮ ವ್ಯರ್ಥ. ಪಕ್ಕದ ತೋಟದವರನ್ನೂ ಕರೆದು ಪೆನ್ನಿನ ವೃತ್ತ ಬರೆದ ಎಲೆ ತೋರಿಸಿ. ಬೇಲಿಯ ಆಚೆ ಪಾಳು ಬಿದ್ದ ಕಿತ್ತಳೆ ಇದ್ದರೆ ಅದರ ಮಾಲೀಕರೊಂದಿಗೆ ಮಾತಾಡಿ ತೆಗೆಸಿ.

ಹಂತ 9: ಹೊಸ ಸಸಿ ತರುವಾಗ

ರೋಗ ಬಹು ದೂರ ಸಾಗುವುದು ಕೀಟದ ರೆಕ್ಕೆಯ ಮೇಲಲ್ಲ, ನರ್ಸರಿಯ ಲಾರಿಯಲ್ಲಿ. ಕಸಿ ಕಡ್ಡಿಯಲ್ಲಿ ರೋಗಾಣು ಇದ್ದರೆ ಸಸಿ ಹುಟ್ಟುವಾಗಲೇ ರೋಗಿ. ಬೀಜದ ಮೂಲಕ ಇದು ಹರಡುವುದಿಲ್ಲವೆಂದೇ ಹೇಳಬಹುದು. ಬೀಜದ ಸಸಿ ನೆಡುವ ಕೊಡಗಿನ ಹಳೆಯ ಪದ್ಧತಿಗೆ ಈ ಒಂದು ಲಾಭವಾದರೂ ಇದೆ. ಆದರೆ ಆ ಸಸಿ ಬಯಲಿನಲ್ಲಿ, ಕೀಟಕ್ಕೆ ತೆರೆದುಕೊಂಡು ಬೆಳೆದಿದ್ದರೆ ಅದಕ್ಕೂ ಭರವಸೆ ಇಲ್ಲ.

ನರ್ಸರಿಯಲ್ಲಿ ಮೂರು ಪ್ರಶ್ನೆ ಕೇಳಿ. ತಾಯಿ ಮರಗಳಿಗೆ ಪಿಸಿಆರ್ ಪರೀಕ್ಷೆ ಆಗಿದೆಯೇ, ಆಗಿದ್ದರೆ ಯಾವಾಗ? ಸಸಿಗಳು ಕೀಟ ನುಸುಳದ ಬಲೆಮನೆಯೊಳಗೆ ಬೆಳೆದವೇ? ಕಸಿ ಕಡ್ಡಿ ಎಲ್ಲಿಂದ ಬಂತು? ಉತ್ತರ ತಡವರಿಸಿದರೆ ಬೇರೆ ನರ್ಸರಿ ನೋಡಿ, ಸಸಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಸರಿ. ನಾಗಪುರದ ಸಂಸ್ಥೆ ಚಿಗುರು ತುದಿಯ ಕಸಿ ವಿಧಾನದಿಂದ ರೋಗಮುಕ್ತ ಸಸಿ ತಯಾರಿಸುತ್ತದೆ. ತಂದ ಸಸಿಗಳನ್ನು ನೇರ ತೋಟಕ್ಕೆ ಒಯ್ಯದೆ ಬಲೆಯ ಕೆಳಗೆ ಒಂದು ಚಿಗುರು ಬಂದು ಬಲಿಯುವವರೆಗೆ ಇಟ್ಟು, ಎಲೆಗಳನ್ನು ಪೆನ್ನಿನಿಂದ ಪರೀಕ್ಷಿಸಿ, ಆಮೇಲೆ ಗುಂಡಿ ತೋಡಿ. ನೆಟ್ಟ ಮೊದಲ ಕೆಲವು ವರ್ಷ ಎಳೆ ಗಿಡ ವರ್ಷವಿಡೀ ಚಿಗುರುತ್ತಲೇ ಇರುತ್ತದೆ, ಆದ್ದರಿಂದ ವಾರದ ಸುತ್ತಿನಲ್ಲಿ ಮೊದಲ ಸರದಿ ಅವಕ್ಕೇ ಇರಲಿ.